ರೇವವ್ವನ ಹಟ್ಟಿಯ ಸಾಲಿ ಆಡುಗಳು

ಮನಗೂಳಿಯಿಂದ ಆಚೆ ಡಾಂಬರು ರಸ್ತೆ ಬಿಟ್ಟು ಕರಿಮಣ್ಣಿನ ದಾರಿ ಹಿಡಿದರೆ ರೇವವ್ವನ ವಸ್ತಿ ಸಿಗುತ್ತದೆ. ವಸ್ತಿ ಅಂದರೆ ಏನು ಮಹಾ, ತಗಡು ಹೊದಿಸಿದ ಎರಡು ಖೋಲಿ, ಒಂದು ಬೇವಿನ ಮರ, ಜಾಲಿಮುಳ್ಳಿನ ಬೇಲಿ ಹಾಕಿದ ಆಡಿನ ಹಟ್ಟಿ, ಅಷ್ಟೇ. ಬ್ಯಾಂಕಿನ ಸಾಹೇಬರು ಯಾರಾದರೂ ಆ ದಾರಿಯಲ್ಲಿ ಹಾದುಹೋದರೆ ಮೂಗಿಗೆ ಕರವಸ್ತ್ರ ಹಿಡಿದುಕೊಂಡಾರು. ಹಿಡಿದುಕೊಳ್ಳಲಿ ಬಿಡಿ. ಸುತ್ತಲಿನ ಊರುಗಳ ಕೂಲಿಯವರು, ಗೌಂಡಿಗಳು, ಹಮಾಲರು ತಮ್ಮ ಮಕ್ಕಳ ಕಾಲೇಜಿಗೆಂದು ಕೂಡಿಟ್ಟ ಆಸ್ತಿ ಇರುತ್ತಿದ್ದದ್ದು ಆ ಮುಳ್ಳುಬೇಲಿಯ ಒಳಗೇ.

ಪಾಲಿಗೆ ಆಡು ಹಾಕುವುದು ಈ ಭಾಗದಲ್ಲಿ ಹಳೆಯ ರೂಢಿ. ಆಡು ನಿಮ್ಮದು, ಮೇಯಿಸುವ ಕಷ್ಟ ಕುರುಬರದು, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಅರ್ಧರ್ಧ. ರೇವವ್ವನ ಹಟ್ಟಿಯಲ್ಲಿ ಈ ರೂಢಿಗೆ ಒಂದು ಹೊಸ ಕಟ್ಟಳೆ ಸೇರಿತು. ಮಗು ಒಂದನೇ ಇಯತ್ತೆಗೆ ಹೋಗುವ ವರ್ಷ ಒಂದು ಹೆಣ್ಣು ಮರಿ ತಂದು ಆ ಮಗುವಿನ ಹೆಸರಿಗೆ ಬಿಡಬೇಕು. ಗಂಡು ಮರಿಗಳನ್ನು ಬಕ್ರೀದಿಗೆ ಮಾರಿ, ಬಂದ ರೊಕ್ಕಕ್ಕೆ ಮತ್ತೆ ಹೆಣ್ಣು ಮರಿಗಳನ್ನೇ ತರಬೇಕು. ಮಗು ಪಿಯುಸಿ ಮುಗಿಸುವವರೆಗೆ ಅದರ ಪಾಲನ್ನು ಯಾರೂ ಮುಟ್ಟುವ ಹಾಗಿಲ್ಲ, ಮನೆಯಲ್ಲಿ ಮದುವೆ ಬರಲಿ, ಜಡ್ಡು ಬರಲಿ. ಜನ ಅವನ್ನು ಸಾಲಿ ಆಡು, ಅಂದರೆ ಶಾಲೆಯ ಆಡು, ಅಂತ ಕರೆದರು.

ಹಗ್ಗ ಮಗುವಿನ ಕೈಗೇ ಕೊಡಬೇಕು ಅನ್ನುವ ಕಟ್ಟಳೆ ಹುಟ್ಟಿದ್ದು ಗೌಂಡಿ ಮೈಬೂಬನ ಬಾಯಿಂದ. ಕುರುಬರ ರೂಢಿಯಲ್ಲಿ ಆಡಿನ ಹಗ್ಗವನ್ನು ಯಾರು ಕೊಟ್ಟಿರುತ್ತಾರೋ ಅವರ ಕೈಗೇ ತಿರುಗಿ ಕೊಡಬೇಕು, ಮಧ್ಯೆ ಮತ್ತೊಬ್ಬರ ಮಾತಿಲ್ಲ. ಮೈಬೂಬ ಮಗಳು ಗುಲನಾಜಳ ಹೆಸರಿಗೆ ಮರಿ ತಂದ ದಿನ ಹಗ್ಗ ಕೊಡುತ್ತ ತಾನೇ ಆ ರೂಢಿ ಮುರಿದ. "ಅವ್ವಾರ, ನಾಳೆ ನಾನ ಬಂದು ಕೇಳಿದ್ರೂ ಕೊಡಬ್ಯಾಡ್ರಿ. ನನ್ನ ಕೈ ಭಾಳ ಸಡಿಲ ಐತಿ. ಮಗಳು ಸ್ವತಃ ಬಂದು ಹಗ್ಗ ಹಿಡದ್ರಷ್ಟ ಬಿಡ್ರಿ."

ತನ್ನ ಕೈ ಸಡಿಲ ಅಂತ ಬಾಯಿಬಿಟ್ಟು ಹೇಳುವ ಗಂಡಸು ಎಷ್ಟು ಜನ ಸಿಗುತ್ತಾರೆ? ರೇವವ್ವನಿಗೆ ಆ ಮಾತು ಹಿಡಿಸಿತು. ಕೆಲವು ವರ್ಷಗಳ ಮೇಲೆ ಅದೇ ಮೈಬೂಬ ಮೋಟರ್ ಸೈಕಲ್ಲಿನ ಆಸೆಗೆ ಬಿದ್ದು ಹಲ್ಲು ಕಿರಿಯುತ್ತ ಬಂದಾಗ ಆಕೆ ಕೇಳಿದ್ದು ಒಂದೇ ಮಾತು. "ಹುಡುಗಿ ಎಲ್ಲಿ?" ಅವನು ತಲೆ ಕೆರೆದುಕೊಂಡು, ಚಹಾ ಕುಡಿದು, ಬಂದ ದಾರಿಯಲ್ಲೇ ನಡೆದು ಹೋದ. ಗುಲನಾಜ ಈಗ ಮುದ್ದೇಬಿಹಾಳದ ಒಂದು ದವಾಖಾನೆಯಲ್ಲಿ ನರ್ಸು. ಮೊದಲ ಪಗಾರದಲ್ಲಿ ರೇವವ್ವನಿಗೆ ಒಂದು ಇಳಕಲ್ ಸೀರೆ ತಂದು ಉಡಿಸಿ ಹೋದಳು. ಮೈಬೂಬ ಹಗ್ಗ ಕೊಟ್ಟ ದಿನದಿಂದ ಹಟ್ಟಿಗೆ ಯಾರೇ ಮರಿ ತರಲಿ, ರೇವವ್ವ ಅದೇ ಕಟ್ಟಳೆ ಹೇಳಿ ಹಗ್ಗ ಹಿಡಿಯುತ್ತಿದ್ದಳು. ಎಷ್ಟೋ ಅಪ್ಪಂದಿರು ಕುಡಿದು ಬಂದರು, ಅತ್ತು ಬಂದರು, ಬೈದುಕೊಂಡೂ ಬಂದರು. ಆಕೆ ಬಾಗಿಲಲ್ಲಿ ಗೋಡೆಯ ಹಾಗೆ ನಿಂತು "ಹುಡುಗಿ ಎಲ್ಲಿ? ಹುಡುಗ ಎಲ್ಲಿ?" ಅಂತ ಕೇಳಿ ಎಲ್ಲರನ್ನೂ ಹಿಂದಕ್ಕೆ ಕಳಿಸಿದಳು.

ಇಂಥ ಗಟ್ಟಿ ಹೆಂಗಸಿಗೂ ಒಂದು ಮೆತ್ತನೆಯ ಜಾಗ ಇತ್ತು. ಅದು ತವರು.

ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ತವರು ಅಂತ ಇದ್ದದ್ದು ಇಂಡಿ ಹತ್ತಿರದ ಸಾಲೋಟಗಿಯಲ್ಲಿ, ಅಣ್ಣ ಮಾಳಪ್ಪನ ಮನೆ. ಮಾಳಪ್ಪನಿಗೆ ಮಗ ಕಾಂತು, ಮಗಳು ಭುವನೇಶ್ವರಿ. ಭುವನಾ ಸಾಲಿಗೆ ಸೇರಿದ ವರ್ಷ ಮಾಳಪ್ಪನೂ ಒಂದು ಬಿಳಿ ಮರಿ ತಂದು ತಂಗಿಯ ಕೈಗೆ ಹಗ್ಗ ಕೊಟ್ಟಿದ್ದ. ಆಮೇಲೆ ತಾಯಿ ಸತ್ತಳು. ಆಕೆಯ ಬೋರಮಾಳ ಸರ ಯಾರಿಗೆ ಅನ್ನುವ ಮಾತಿನಲ್ಲಿ ಅಣ್ಣ ತಂಗಿಗೆ ಜಗಳ ಬಿತ್ತು. ಸರ ಅತ್ತಿಗೆಯ ಕೊರಳಿಗೆ ಹೋಯಿತು, ಮಾಳಪ್ಪ ತಂಗಿಯ ಮನೆಗೆ ಬರುವುದನ್ನು ಬಿಟ್ಟ.

ಉಳಿದ ಹಬ್ಬಗಳು ಹೇಗೋ ಕಳೆಯುತ್ತವೆ. ಪಂಚಮಿ ಕಳೆಯುವುದು ಕಷ್ಟ. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಉಂಡಿ ಕಟ್ಟಿಸಿಕೊಂಡು ಬಂದು ಕರೆದೊಯ್ಯಬೇಕು, ಹೆಣ್ಣುಮಗಳು ತವರಿನ ಜೋಕಾಲಿ ಆಡಬೇಕು. ಹಬ್ಬ ಹತ್ತಿರ ಬಂದರೆ ಹೆಂಗಸರು ಒಬ್ಬರನ್ನೊಬ್ಬರು ಕೇಳುವುದೇ "ಕರಿಯಾಕ ಯಾರು ಬಂದ್ರು?" ಅಂತ. ಆ ದಿನಗಳಲ್ಲಿ ರೇವವ್ವ ಆಡು ಹೊಡೆದುಕೊಂಡು ಬೆಳಗಾಗುವ ಮೊದಲೇ ಹೊರಬಿದ್ದು ಕತ್ತಲಾದ ಮೇಲೆ ಮನೆ ಸೇರುತ್ತಿದ್ದಳು. ಅಳಲಿಲ್ಲ ಅಂತ ಹೇಳುವುದು ಸುಳ್ಳಾದೀತು. ಅಳುತ್ತಿದ್ದಳು.

ಅಣ್ಣ ಬಾರದಿದ್ದರೂ ಭುವನಾ ಬರುತ್ತಿದ್ದಳು. ಸಾಲಿಗೆ ಸೂಟಿ ಬಿಟ್ಟರೆ ಸಾಕು, ಅಪ್ಪನಿಗೆ ಏನೋ ಒಂದು ನೆವ ಹೇಳಿ ಬಸ್ಸು ಹತ್ತಿ ಅತ್ತೆಯ ವಸ್ತಿಗೆ ಬಂದುಬಿಡುತ್ತಿದ್ದಳು. ಅತ್ತೆಯ ಜೊತೆ ಆಡು ಮೇಯಿಸುತ್ತ, ಬೇವಿನ ನೆರಳಲ್ಲಿ ಓದುತ್ತ ಬೆಳೆದ ಹುಡುಗಿ. ತನ್ನ ಬಿಳಿ ಆಡಿನ ಸಂತತಿ ಬೆಳೆದದ್ದನ್ನು ನೋಡಿ, "ಅತ್ತಿ, ಇವು ನನ್ನ ಕಾಲೇಜ್ ನೋಡು, ಹಿಕ್ಕಿ ಹಾಕಾಕತ್ತಾವು," ಅಂತ ನಗುತ್ತಿದ್ದಳು. ಪಿಯುಸಿಯಲ್ಲಿ ವಿಜ್ಞಾನ ತಗೊಂಡು ಒಳ್ಳೆ ಮಾರ್ಕಿನಲ್ಲಿ ಪಾಸಾದಳು, ಸಿಇಟಿ ಬರೆದಳು. ವಿಜಯಪುರದಲ್ಲಿ ಫಾರ್ಮಸಿ ಸೀಟು ಸಿಕ್ಕಿತು. ಆ ದಿನ ಫೋನಿನಲ್ಲಿ ಆಕೆಯ ದನಿ ನಿಲ್ಲುತ್ತಲೇ ಇರಲಿಲ್ಲ. "ಅತ್ತಿ, ಪಂಚಮಿ ಮುಗದ ಮ್ಯಾಲ ಗುರುವಾರದೊಳಗ ಫೀ ಕಟ್ಟಬೇಕಂತ. ಹಬ್ಬದ ಮರುದಿನ ಬರ್ತೇನಿ. ಹಗ್ಗ ನನ್ನ ಕೈಯಾಗ ಕೊಡಬೇಕ ನೋಡು, ಎಲ್ಲಾರಿಗೂ ಕೊಟ್ಟಂಗ." ರೇವವ್ವ ಅವತ್ತು ಆಡುಗಳಿಗೆಲ್ಲ ಹತ್ತಿಕಾಳು ಹಿಂಡಿ ಇಟ್ಟಳು. ಖುಷಿಯಾದರೆ ಆಕೆಗೆ ಮಾಡಲು ಗೊತ್ತಿದ್ದದ್ದು ಅಷ್ಟೇ.

ಹಬ್ಬದ ಹಿಂದಿನ ದಿನ, ರೊಟ್ಟಿ ಪಂಚಮಿಯಂದು, ಮಾಳಪ್ಪ ಬಂದ.

ಕಾಂತುವಿನ ಜೊತೆ ಬಾಡಿಗೆಯ ಟೆಂಪೊದಿಂದ ಇಳಿದ ಅಣ್ಣನನ್ನು ನೋಡಿ ರೇವವ್ವನಿಗೆ ಮೊದಲು ಗುರುತೇ ಹತ್ತಲಿಲ್ಲ. ತಲೆ ಬೆಳ್ಳಗಾಗಿತ್ತು. ಕೈಯಲ್ಲಿ ಶೇಂಗಾ ಉಂಡಿ, ಅಳ್ಳಿಟ್ಟು ಕಟ್ಟಿದ ಗಂಟು, ಅದರ ಮೇಲೆ ಕುಪ್ಪಸದ ಬಟ್ಟೆ. "ರೇವೀ, ಪಂಚಮಿಗೆ ಕರಿಯಾಕ ಬಂದೇನಿ," ಅಂದ. ಆಕೆ ಬಾಗಿಲಲ್ಲೇ ಕುಸಿದು ಕೂತು ಮುಖಕ್ಕೆ ಸೆರಗು ಒತ್ತಿಕೊಂಡಳು.

ನೀರು ಕುಡಿದ ಮೇಲೆ ಮಾಳಪ್ಪ ಹಟ್ಟಿಯ ಕಡೆ ನೋಡಿದ. "ಹಂಗ ಭುವನಾನ ಆಡೂ ಒಯ್ತೇನಿ. ಫೀಜ್ ಕಟ್ಟೋದೈತಿ. ಕಾಂತು ಟೆಂಪೊದಾಗ ಹಾಕ್ಕೊಂಡು ಬಾಗೇವಾಡಿಗಿ ಅಶ್ಫಾಕನ ಕಡೆ ಬಿಟ್ಟು ಬರ್ತಾನ. ನಾವಿಬ್ರೂ ಬಸ್ಸಿಗಿ ಹೋಗೂಣು."

ಅಶ್ಫಾಕ ಆಡಿನ ವ್ಯಾಪಾರಿ. ರೇವವ್ವನ ಹಟ್ಟಿಯ ಆಡುಗಳನ್ನೆಲ್ಲ ಕೊಳ್ಳುತ್ತಿದ್ದವನು ಅವನೇ. ಆದರೂ ರೇವವ್ವನ ಬಾಯಿಗೆ ರೂಢಿಯಂತೆ ಮಾತು ಬಂತು. "ಹುಡುಗಿ ಎಲ್ಲಿ, ಅಣ್ಣಾ?"

"ಆಕಿಗೆ ಜ್ವರ. ಮಲಗ್ಯಾಳ."

"ಹಬ್ಬದ ಮರುದಿನ ಬರ್ತೇನಿ ಅಂದಿದ್ಲು..."

ಮಾಳಪ್ಪ ಉಂಡಿಯ ಗಂಟನ್ನು ಒಂದಿಷ್ಟು ಆಚೆ ಸರಿಸಿದ. "ಊರ ಮಂದಿಗಿ ಮಾಡಿದ ಕಾನೂನು ಅಣ್ಣಗೂ ಮಾಡ್ತಿ ಏನು? ಇಷ್ಟು ವರ್ಷಕ್ಕ ಮನಸು ಮಾಡಿ ಬಂದೇನಿ. ನಂಬಿಗಿ ಇಲ್ಲ ಅಂದ್ರ ಹೇಳವಾ, ಎದ್ದು ಹೋಗ್ತೇನಿ."

ಊರಿನ ಕುಡುಕರ ಎದುರು, ಗುದ್ದಾಡಲು ಬಂದವರ ಎದುರು ಒಂದಿಂಚು ಅಲುಗದ ಹೆಂಗಸು, ಅಣ್ಣ ಎದ್ದು ಹೋಗುತ್ತೇನೆ ಅಂದ ಕೂಡಲೇ ಕರಗಿಹೋದಳು. ತಾನೇ ಹಟ್ಟಿಯ ಬಾಗಿಲು ತೆಗೆದು ಭುವನಾಳ ಆಡುಗಳನ್ನು ಒಂದೊಂದಾಗಿ ಹಿಡಿದು ಕೊಟ್ಟಳು. ಹಗ್ಗ ಕೊಟ್ಟವನು ಅವನೇ ತಾನೆ, ಹಳೆಯ ರೂಢಿಯೂ ಹಾಗೇ ಇದೆಯಲ್ಲ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಉಳಿದ ಆಡುಗಳಿಗೆ ಮೇವು ಹಾಕಲು ಪಕ್ಕದ ಹೊಲದವರಿಗೆ ಹೇಳಿ, ಕುಪ್ಪಸದ ಬಟ್ಟೆ ಚೀಲದಲ್ಲಿಟ್ಟುಕೊಂಡು, ಗುಲನಾಜ ಕೊಟ್ಟಿದ್ದ ಸೀರೆ ಉಟ್ಟು, ಅಣ್ಣನ ಹಿಂದೆ ಹೊರಟಳು. ದಾರಿಯಲ್ಲಿ ಕಂಡವರಿಗೆಲ್ಲ ಕೇಳದಿದ್ದರೂ ಹೇಳಿದಳು. "ಅಣ್ಣ ಬಂದಾನ. ಪಂಚಮಿಗೆ ಕರಿಯಾಕ."

ಸಾಲೋಟಗಿಯ ಮನೆಯಲ್ಲಿ ಬಾಗಿಲಿಗೆ ಓಡಿ ಬಂದು ತಬ್ಬಿಕೊಂಡವಳು ಭುವನಾ. ಮೈ ತಣ್ಣಗಿತ್ತು. ಜ್ವರ ಇಳಿದಿರಬೇಕು ಅಂದುಕೊಂಡಳು ರೇವವ್ವ. ಅಂದುಕೊಳ್ಳುವುದು ಆಕೆಗೆ ಬೇಕಾಗಿತ್ತು.

ಮರುದಿನ ಹಬ್ಬ. ನಾಗಪ್ಪನಿಗೆ ಹಾಲೆರೆದು ಬಂದು, ಹಿತ್ತಲಿನ ಹುಣಸೆ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ರೇವವ್ವನನ್ನು ಕೂರಿಸಿದರು. ವಯಸ್ಸಾದವಳು, ಬೇಡ ಬೇಡ ಅಂದಳು. ಭುವನಾ ಬಿಡಲಿಲ್ಲ. ಹಿಂದೆ ನಿಂತು ಬೆನ್ನಿಗೆ ಕೈ ಹಚ್ಚಿ ಜೋರಾಗಿ ದೂಡಿದಳು. ಓಣಿಯ ಹೆಂಗಸರೆಲ್ಲ ನಕ್ಕರು, ರೇವವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. ಜೋಕಾಲಿ ಹಿಂದೆ ಬಂದಾಗ ಭುವನಾ ಆಕೆಯ ಕಿವಿಯ ಹತ್ತಿರ ಹೇಳಿದಳು. "ಅತ್ತಿ, ನಾಳೆ ನಿನ್ನ ಕೂಡನ ಬರ್ತೇನಿ. ಅಶ್ಫಾಕ ಮಾಮಾಗ ನೀನ ಹೇಳಬೇಕು, ಚಲೋ ರೇಟ್ ಕೊಡು ಅಂತ. ನನ್ನ ಬಿಳಿ ಆಡು ಒಂದ ಮಾರೂದು ಬ್ಯಾಡ. ಅದನ್ನ ನೀ ಇಟ್ಕೊ."

ಜೋಕಾಲಿ ಮುಂದೆ ಹೋಯಿತು. ರೇವವ್ವನಿಗೆ ಆಗ ತಿಳಿಯಿತು. ಹುಡುಗಿಗೆ ಜ್ವರ ಬಂದೇ ಇರಲಿಲ್ಲ. ಆಡು ಹೋದದ್ದೂ ಆಕೆಗೆ ಗೊತ್ತಿಲ್ಲ.

ಊಟಕ್ಕೆ ಕೂತಾಗ ಉಳಿದದ್ದೂ ತಿಳಿಯಿತು. ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಭುವನಾ ನೀರು ತರಲು ಹೊರಗೆ ಹೋದ ಹೊತ್ತಿನಲ್ಲಿ ಕಾಂತು ತಾನು ಕೊಳ್ಳುವ ಮಾಲಗಾಡಿಯ ಬಣ್ಣದ ಬಗ್ಗೆ ತಾಯಿಯ ಹತ್ತಿರ ಪಿಸುಗುಟ್ಟುತ್ತಿದ್ದ. ಮಾಳಪ್ಪ ತಂಗಿಯ ಮುಖ ನೋಡಿ, ಆಕೆಗೆ ತಿಳಿದಿದೆ ಅಂತ ತಾನೂ ತಿಳಿದುಕೊಂಡು, ಮೆಲ್ಲನೆ ಅಂದ. "ಹುಡುಗ ಖಾಲಿ ಕೂತಾನ, ರೇವೀ. ಆಕಿ ಇಲ್ಲೇ ಇಂಡಿ ಕಾಲೇಜಿನ್ಯಾಗ ಬಿ.ಎ. ಮಾಡ್ಲಿ. ಬಸ್ ಹೆಂಗಿದ್ರೂ ಹೆಣ್ಣಮಕ್ಕಳಿಗಿ ಫ್ರೀ ಐತಿ." ಅಷ್ಟು ಹೇಳಿ ತಾನೇ ತಂಗಿಯ ತಾಟಿಗೆ ಹೋಳಿಗೆ ಬಡಿಸಿ, ಮೇಲೆ ತುಪ್ಪ ಹಾಕಿದ.

ಆಗಲೇ ರೇವವ್ವನ ಫೋನು ಬಡಿದುಕೊಂಡಿತು. ಅಶ್ಫಾಕ.

"ಅವ್ವಾರ, ಹಬ್ಬದಾಗ ತ್ರಾಸ ಕೊಟ್ಟೆ. ನಿನ್ನಿ ನಿಮ್ಮ ಅಣ್ಣಾರ ಮಗ ಆಡು ಬಿಟ್ಟು ಹೋಗ್ಯಾನ. ಇವು ಸಾಲಿ ಆಡು ಅಲ್ಲೇನ್ರಿ? ಹುಡುಗಿ ಕಾಣಲಿಲ್ಲ. ನಿಮ್ಮ ಬಾಯಿಲೆ ಹೂಂ ಅನ್ನೂತನಕ ನಾ ಮುಟ್ಟಾಂವಲ್ಲ. ತಗೊಳ್ಳೇನ್ರಿ?"

ನೋಡಿ, ದೇವರು ಇದಕ್ಕಿಂತ ಹೆಚ್ಚಿಗೆ ಏನು ಮಾಡಬೇಕು? ಒಬ್ಬ ವ್ಯಾಪಾರಿ ಹಬ್ಬದ ದಿನ ಫೋನು ಹಚ್ಚಿ ಕೇಳುತ್ತಿದ್ದಾನೆ. ಬ್ಯಾಡ ಅಂದರೆ ಸಾಕು. ಆಡು ಅಲ್ಲೇ ಇವೆ, ಗುರುವಾರ ಇನ್ನೂ ಬಂದಿಲ್ಲ, ಹುಡುಗಿಯ ಸೀಟು ಇನ್ನೂ ಇದೆ. ಎದುರಿಗೆ ಅಣ್ಣ ತುತ್ತು ಕೈಯಲ್ಲೇ ಹಿಡಿದು ಆಕೆಯ ಬಾಯಿ ನೋಡುತ್ತಿದ್ದ. ಅತ್ತಿಗೆ ನೋಡುತ್ತಿದ್ದಳು, ಕೊರಳಲ್ಲಿ ಬೋರಮಾಳ. ಬ್ಯಾಡ ಅಂದರೆ ಈ ತಾಟು ಇಲ್ಲ, ಜೋಕಾಲಿ ಇಲ್ಲ, ಮುಂದಿನ ವರ್ಷ ಬಾಗಿಲಿಗೆ ಬರುವ ಉಂಡಿ ಇಲ್ಲ. ಬೆಳಗಾಗುವ ಮೊದಲೇ ಆಡು ಹೊಡೆದುಕೊಂಡು ಊರಿಂದ ಮುಖ ಮರೆಸಿಕೊಳ್ಳುವುದು ಮತ್ತೆ ಶುರು.

"ಹೂಂ," ಅಂದಳು ರೇವವ್ವ. "ತಗೋ."

ಮಾಳಪ್ಪ ತುತ್ತು ಬಾಯಿಗಿಟ್ಟ. ಭುವನಾ ನೀರಿನ ತಂಬಿಗೆ ತಂದು ಅತ್ತೆಯ ಪಕ್ಕಕ್ಕೆ ಇಟ್ಟು, "ಯಾರ ಫೋನು, ಅತ್ತಿ?" ಅಂತ ಕೇಳಿದಳು. "ಯಾರೂ ಇಲ್ಲ, ಬಂಗಾರಾ," ಅಂದಳು ರೇವವ್ವ. ಆಕೆ ಬದುಕಿನಲ್ಲಿ ಸುಳ್ಳು ಹೇಳಿಯೇ ಇರಲಿಲ್ಲ ಅಂತಲ್ಲ. ಇಂಥದ್ದು ಹೇಳಿರಲಿಲ್ಲ.

ಮರುದಿನ ಅತ್ತೆ ಸೊಸೆ ಇಬ್ಬರೂ ಬಸ್ಸಿಗೆ ಹೊರಟರು. ಮಾಳಪ್ಪ ಮಗಳನ್ನು ತಡೆಯಲಿಲ್ಲ. ಹೇಳುವ ಕೆಲಸ ತಂಗಿಯೇ ಮಾಡಲಿ ಅಂತ ಸುಮ್ಮನಿದ್ದ, ಅಂಥ ಧೈರ್ಯವಂತ. ಇಂಡಿ ದಾಟಿತು, ವಿಜಯಪುರ ಬಂತು. ಕಿಟಕಿಯಿಂದ ಭುವನಾ ತನ್ನ ಕಾಲೇಜಿನ ಕಡೆ ಹೋಗುವ ದಾರಿ ತೋರಿಸಿದಳು. ರೇವವ್ವ ನೋಡಿದಳು. ವಸ್ತಿ ಮುಟ್ಟಿದ ಮೇಲೆ ಹುಡುಗಿ ಚೀಲ ಕೂಡ ಇಳಿಸದೆ ನೇರವಾಗಿ ಹಟ್ಟಿಗೆ ಹೋಗಿ, ತನ್ನ ಆಡುಗಳನ್ನು ಹುಡುಕಿ, ತಿರುಗಿ ನೋಡಿದಳು. ಆಗ ಹೇಳಿದಳು ರೇವವ್ವ. ಎಲ್ಲವನ್ನೂ ಹೇಳಿದಳು, ಫೋನಿನ ಮಾತನ್ನೂ ಸೇರಿಸಿ.

ಹೇಳುತ್ತಲೇ ಅಶ್ಫಾಕನಿಗೆ ಫೋನು ಹಚ್ಚಿದಳು. "ಅವ್ವಾರ, ನೀವ ಹೂಂ ಅಂದ್ರಿ ಅಂತ ನಿನ್ನಿ ಸಂಜೀಕೇ ಲಾರಿಗಿ ಹಾಕಿ ಕಳಿಸಿಬಿಟ್ಟೆ. ರೊಕ್ಕಾನೂ ನಿಮ್ಮ ಅಣ್ಣಾರಿಗಿ ಮುಟ್ಟೈತಿ," ಅಂದ ಅವನು. ಆಮೇಲೆ, "ಏನಾತ್ರಿ?" ಅಂದ. ಆಕೆ ಫೋನು ಇಟ್ಟುಬಿಟ್ಟಳು.

ಪಾಲಿಗೆ ಬಂದ ಮರಿಗಳನ್ನು ಮಾರಿಯೇ ಹೊಟ್ಟೆ ಹೊರೆಯುತ್ತಿದ್ದ ರೇವವ್ವನ ಸ್ವಂತದ ಆಡು ನಾಲ್ಕೇ ಇದ್ದವು, ಅದೂ ಮುದಿ ಆಡು. ಹುಚ್ಚಿಯಂತೆ ಹಟ್ಟಿಯೊಳಗೆ ನುಗ್ಗಿ ಸಿಕ್ಕ ಸಿಕ್ಕ ಆಡಿನ ಹಗ್ಗ ಬಿಚ್ಚಿ ಹುಡುಗಿಯ ಕೈಗೆ ತುರುಕತೊಡಗಿದಳು. "ಇವನ್ನ ಒಯ್ಯಿ, ಬಂಗಾರಾ. ಇವನ್ನ ಮಾರಿ ಕಟ್ಟು. ನಾ ಆಮ್ಯಾಲ ಹೆಂಗರೆ ತುಂಬ್ತೇನಿ."

ಭುವನಾ ಆ ಹಗ್ಗಗಳನ್ನು ನೋಡಿದಳು. ವರ್ಷವರ್ಷವೂ ಸೂಟಿಯಲ್ಲಿ ಮೇಯಿಸಿದ ಆಡುಗಳು, ಯಾವುದು ಯಾರದು ಅಂತ ಆಕೆಗೂ ಗೊತ್ತಿತ್ತು. "ಇವು ಹಮಾಲರ ಹುಡುಗಿ ಅಬಿದಾನವು, ಅತ್ತಿ," ಅಂದಳು. ಅಂದು, ತಾನೇ ಅವನ್ನು ತಿರುಗಿ ಗೂಟಕ್ಕೆ ಕಟ್ಟಿದಳು.

ಬೈಯಲಿಲ್ಲ, ಅಳಲಿಲ್ಲ. ಬೇವಿನ ಬುಡದಲ್ಲಿ ಕೂತು ಒಂದೇ ಮಾತು ಆಡಿದಳು. "ಅಪ್ಪ ಹಂತಾಂವ ಅಂತ ನನಗ ಮೊದಲ ಗೊತ್ತಿತ್ತು. ಅದಕ್ಕ ನಿನ್ನ ಕಡೆ ಇದ್ವು."

ಆ ಎರಡು ದಿನ ರೇವವ್ವ ಕಂಡಕಂಡವರ ಮುಂದೆ ಕೈ ಚಾಚಿದಳು. ನಾಲ್ಕು ಮುದಿ ಆಡು ಮಾರಿದಳು. ಮೈಬೂಬ ಓಡಿ ಬಂದು ತನ್ನಲ್ಲಿದ್ದಷ್ಟು ಕೊಟ್ಟ, ಮಗಳು ಗುಲನಾಜಳಿಂದಲೂ, ಕೊಲ್ಹಾರದ ತನ್ನ ಅಳಿಯನಿಂದಲೂ ತರಿಸಿದ. ಎಲ್ಲ ಕೂಡಿಸಿದರೂ ಸಾಲದಾಯಿತು. ಗುರುವಾರ ಸಂಜೆಗೆ ಸೀಟು ಹೋಯಿತು. ಭುವನಾ ಇಂಡಿಯಲ್ಲಿ ಬಿ.ಎ.ಗೆ ಸೇರಿದಳು. ಎರಡನೇ ವರ್ಷಕ್ಕೆ ಬಾಗೇವಾಡಿಗೆ ಮದುವೆ ಮಾಡಿ ಕೊಟ್ಟರು, ಓದು ಅಲ್ಲಿಗೆ ನಿಂತಿತು. ಈಗ ಅಲ್ಲಿನ ಒಂದು ಔಷಧಿ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತು, ಮತ್ತೊಬ್ಬರು ಓದಿ ಪಡೆದ ಸರ್ಟಿಫಿಕೇಟಿನ ಕೆಳಗೆ ಗುಳಿಗೆ ಕತ್ತರಿಸಿ ಕೊಡುತ್ತಾಳೆ.

ಮಾಳಪ್ಪ ಕರೆಯುವುದನ್ನು ಮಾತ್ರ ತಪ್ಪಿಸಲಿಲ್ಲ ಅನ್ನಬೇಕು. ಆಮೇಲೆ ಪ್ರತಿ ಪಂಚಮಿಗೂ ಉಂಡಿ ಕಟ್ಟಿಸಿಕೊಂಡು, ಕಾಂತುವಿನ ಮಾಲಗಾಡಿಯಲ್ಲೇ ಕೂತು ಕರೆಯಲು ಬರುತ್ತಾನೆ. ರೇವವ್ವ ಕಾಲುನೋವು ಅನ್ನುತ್ತಾಳೆ. ಅವನು ಉಂಡಿ ಇಟ್ಟು ಹೋಗುತ್ತಾನೆ. ಆಕೆ ಅದನ್ನು ಬಾಯಿಗೆ ಹಾಕುವುದಿಲ್ಲ, ಸುತ್ತಲಿನ ವಸ್ತಿಗಳ ಮಕ್ಕಳಿಗೆ ಹಂಚಿಬಿಡುತ್ತಾಳೆ. ಯಾವ ತವರಿಗಾಗಿ ಆ ಒಂದು ಹೂಂ ಅಂದಳೋ, ಆ ತವರಿನ ಹೊಸ್ತಿಲು ಆಕೆ ಮತ್ತೆ ತುಳಿದಿಲ್ಲ. ಹಟ್ಟಿಯಲ್ಲಿ ಉಳಿದಿದ್ದ ಮಕ್ಕಳ ಆಡುಗಳನ್ನು ಅವರವರ ಕೈಗೆ ಸರಿಯಾಗಿ ಮುಟ್ಟಿಸುತ್ತ ಬಂದಳು. ಹೊಸ ಮರಿ ಹಿಡಿದುಕೊಂಡು ಬಂದವರಿಗೆ ಮಾತ್ರ, ನನ್ನಿಂದ ಆಗೋದಿಲ್ಲ, ವಯಸ್ಸಾತು ಅಂತ ಹೇಳಿ ಕಳಿಸಿದಳು. ವಯಸ್ಸು ಬರೀ ನೆವ. ತನ್ನ ಮೇಲೆ ತನಗೇ ನಂಬಿಕೆ ಉಳಿದಿರಲಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಮುಂಜಾನೆ ಕರಿಮಣ್ಣಿನ ದಾರಿಯಲ್ಲಿ ಭುವನಾ ನಡೆದು ಬರುವುದು ಕಂಡಿತು. ಒಂದು ಕಂಕುಳಲ್ಲಿ ಮಗಳು, ಇನ್ನೊಂದು ಕಂಕುಳಲ್ಲಿ ಆಡಿನ ಹೆಣ್ಣು ಮರಿ. ರೇವವ್ವ ಬರಿಗಾಲಲ್ಲೇ ಎದ್ದು ಓಡಿ ಬೇಲಿಯ ಬಾಗಿಲು ತೆಗೆದಳು. ಕೈ ಆಗಲೇ ಮರಿಯ ಕಡೆ ಚಾಚಿತ್ತು. ಯಾರು ತಂದರೂ ಒಲ್ಲೆ ಅನ್ನುತ್ತಿದ್ದವಳು ಇದೊಂದನ್ನು ಜೀವ ಹೋದರೂ ಕಾಯುತ್ತೇನೆ ಅಂದುಕೊಂಡಳು.

ಭುವನಾ ಬೇಲಿಯ ಹೊರಗೇ ನಿಂತಳು. "ಆರಾಮ ಅದೀಯಿಲ್ಲ, ಅತ್ತಿ?" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಮಗುವನ್ನು ಅತ್ತೆಯ ಕೈಗೆ ಕೊಟ್ಟಳು, ಮರಿಯನ್ನು ಕೊಡಲಿಲ್ಲ. "ಇದು ಇಕಿ ಹೆಸರಿಗಿ. ಈಗಿಂದ ಬಿಟ್ರ ಹಿಂಡಾಗ್ತಾವು. ಆಚಿ ವಸ್ತ್ಯಾಗ ಬೀರಣ್ಣ ಮುತ್ಯಾ ಈಗ ಸಾಲಿ ಆಡು ಹಿಡಿತಾನಂತಲಾ. ಹೆಂಗ ಮನಶ್ಯಾ, ಅತ್ತಿ? ನಿನಗ ಗೊತ್ತಿರ್ತೈತಿ."

ಚಾಚಿದ ಕೈಯಿಂದ ರೇವವ್ವ ಮಗುವಿನ ತಲೆ ಸವರಿದಳು.

"ಚಲೋ ಮನಶ್ಯಾ," ಅಂದಳು. "ಅಲ್ಲೇ ಬಿಡು, ಬಂಗಾರಾ. ಅವಗ ಯಾವ ತವರೂ ಬೇಕಾಗಿಲ್ಲ."